ಕೆಂಪು ಗುರುತಿನಾಚೆ ಮೂರು ಸುತ್ತು

ಮಾರ್ಚ್ ೧೨, ಬೆಳಿಗ್ಗೆ ೯.೪೦. ದರ್ಜಿಯ ಹೆಂಡತಿ ಠಾಣೆಗೆ ಬಂದು ದೂರು ಬರೆಸಿದಳು. ಓಣಿಗೆ ಅಡ್ಡಲಾಗಿ ತಂತಿಯಲ್ಲಿ ತೂಗುತ್ತಿದ್ದ ತಮ್ಮ ಅಂಗಡಿಯ ಬೋರ್ಡು ಬಿದ್ದು ಗಂಡನ ಕೈ ಮುರಿದಿತ್ತು.

"ಕಳಪೆ ತಂತಿ ಕಟ್ಟಿದ ಆ ವೆಲ್ಡರನ್ನ ಒಳಗೆ ಹಾಕಿ ಸರ್."

ಎಫ್‌ಐಆರ್ ಆಯಿತು. ವೆಲ್ಡರ್ ಬೆಂಚಿನ ತುದಿಯಲ್ಲಿ ಮುದುಡಿ ಕುಳಿತಿದ್ದ. "ಇನ್ನೂರೈವತ್ತು ಕಿಲೋ ತಡೆಯೋ ತಂತಿ ಸರ್. ಬೋರ್ಡು ಬರೀ ಅರವತ್ತು. ಇದು ನನ್ನ ತಲೆಗೆ ಬಂದ್ರೆ ಇನ್ಯಾರೂ ಕೆಲಸ ಕೊಡಲ್ಲ."

"ಎಲ್ಲರೂ ಹೀಗೇ ಹೇಳೋದು," ಎಂದರು ಇನ್ಸ್‌ಪೆಕ್ಟರ್.

೧೧.೧೫ಕ್ಕೆ ಪಂಚನಾಮೆ. ಟೇಪು ಹಿಡಿದವಳು ಭೌತಶಾಸ್ತ್ರ ಓದಿ ಪೊಲೀಸಾದ ಕಾನ್‌ಸ್ಟೇಬಲ್. ಬಾಯಿ ಬಿಡುವುದೇ ಅಪರೂಪವೆಂದು ಠಾಣೆಯಲ್ಲಿ ಅವಳಿಗೆ 'ಮೌನಮ್ಮ' ಎಂದೇ ಹೆಸರು. ತುಂಡಾದ ತಂತಿಯ ಒಂದು ತುದಿ ಎದುರು ಗೋಡೆಯ ಕೊಂಡಿಯಲ್ಲಿತ್ತು. ಇನ್ನೊಂದು ತುದಿ ಗಡಿಯಾರ ರಿಪೇರಿಯವನ ಬಾಲ್ಕನಿಯಲ್ಲಿದ್ದ, ತಂತಿ ಸುತ್ತುವ ಕೈರಾಟೆಯಲ್ಲಿ. ಬಣ್ಣ ಬಳಿಯುವಾಗ ಬೋರ್ಡನ್ನು ಇಳಿಸಿ ಏರಿಸಲೆಂದು ಅಲ್ಲಿ ಹಾಕಿದ್ದು. ಎಲ್ಲಿಯವರೆಗೆ ಸುತ್ತಬೇಕೆಂದು ವೆಲ್ಡರ್ ತಂತಿಗೆ ಕೆಂಪು ಗುರುತು ಹಾಕಿದ್ದ. ಆ ಗುರುತು ಈಗ ರಾಟೆಯೊಳಗೆ ಮೂರು ಸುತ್ತು ಹೂತುಹೋಗಿತ್ತು.

೧.೩೦ಕ್ಕೆ ಠಾಣೆಯಲ್ಲಿ ಅವಳು ನೀರಿನ ಬಾಟಲಿಯನ್ನು ದಾರದ ನಡುವೆ ಕಟ್ಟಿ, ಎರಡೂ ತುದಿಗಳನ್ನು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟಳು.

"ದಾರ ನೆಟ್ಟಗಾಗೋ ಹಾಗೆ ಎಳೀರಿ ಸರ್."

ಎಳೆದರು. ತೋಳು ನಡುಗಿತೇ ಹೊರತು ದಾರ ನೆಟ್ಟಗಾಗಲಿಲ್ಲ. "ಒಂದು ಲೀಟರ್ ನೀರಿಗೆ ಇಷ್ಟು ಜಂಬವಾ?"

"ದಾರ ಇಳಿಜಾರಾಗಿದ್ರೆ ಭಾರ ಸುಲಭವಾಗಿ ಹೊರುತ್ತೆ ಸರ್. ಮಲಗಿದ ಹಾಗೆಲ್ಲ ಎಳೆತ ಏರುತ್ತೆ. ಮೂವತ್ತು ಡಿಗ್ರಿ ಇಳಿಜಾರಲ್ಲಿ ತಂತಿಗೆ ಅರವತ್ತು ಕಿಲೋ. ಮೂರು ಸುತ್ತು ಬಿಗಿದ ಮೇಲೆ ಉಳಿದಿದ್ದು ಐದೇ ಡಿಗ್ರಿ. ಆಗ ಮುನ್ನೂರ ನಲವತ್ತು."

ಇಷ್ಟುದ್ದ ಮಾತಾಡಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಬೆಂಚಿನ ತುದಿಯಲ್ಲಿದ್ದ ವೆಲ್ಡರ್ ಬೆನ್ನು ನೆಟ್ಟಗೆ ಮಾಡಿದ.

೩.೦೫. ಗಡಿಯಾರದವನ ಕೋಣೆ. ಕಿಟಕಿಯ ಪಕ್ಕದ ಮಂಚದಲ್ಲಿ ಅವನ ಅಕ್ಕ, ಸೊಂಟ ಮುರಿದು ನಾಲ್ಕು ತಿಂಗಳಿಂದ ಮಲಗಿದವಳು.

"ರಾಟೆ ತಿರುಗಿಸಿದ್ದು ಯಾರು?"

"ನಾನೇ."

"ಯಾಕೆ?"

"ಬೋರ್ಡು ಕಿಟಕಿಗೆ ಅಡ್ಡ ಇತ್ತು. ಎರಡಡಿ ಮೇಲೆ ಹೋದ್ರೆ ಅಕ್ಕನಿಗೆ ಬೀದಿ ಕಾಣುತ್ತಲ್ಲ ಅಂತ. ಬಿಗಿದಷ್ಟೂ ಭದ್ರ ಅಂದ್ಕೊಂಡೆ ಸರ್."

೪.೨೦ಕ್ಕೆ ನಿರ್ಲಕ್ಷ್ಯದ ಆರೋಪದಲ್ಲಿ ದಸ್ತಗಿರಿ, ಸಂಜೆಗೆ ಜಾಮೀನು. ವೆಲ್ಡರ್ ಹೆಸರನ್ನು ಕೈಬಿಡಲಾಯಿತು. ಡೈರಿಯಲ್ಲಿ 'ಉದ್ದೇಶ' ಎಂಬಲ್ಲಿ ಕಾನ್‌ಸ್ಟೇಬಲ್ ಬರೆದಳು: ಅಕ್ಕನಿಗೆ ಬೀದಿ ಕಾಣಲೆಂದು.

ಮರುದಿನ ವೆಲ್ಡರ್ ಬೋರ್ಡು ಹೊತ್ತು ಓಣಿಯಲ್ಲಿ ನಿಂತ. "ಎಲ್ಲಿ ಹಾಕ್ಲಿ ಅಮ್ಮಾ?"

ಉತ್ತರ ಗಡಿಯಾರದವನ ಮಹಡಿಯ ಕಿಟಕಿಯಿಂದ ಬಂತು. ದರ್ಜಿಯ ಹೆಂಡತಿ ಅವನ ಅಕ್ಕನ ಮಂಚದ ಮೇಲೆ ಕುಳಿತಿದ್ದಳು.

"ನಮ್ಮ ಅಂಗಡಿ ಗೋಡೆಗೇ ಬಡಿಯಯ್ಯ. ಇಲ್ಲಿಂದ ಬೀದಿ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ."