ಮೆದೆ ಜರುಗಿಸಿದವನು

ಹಿತ್ತಿಲ ಗೋಡೆಯಿಂದ ಮೂತಿ ಹೊರಹಾಕಿ ನಿಂತಿದ್ದ ಪೈಪನ್ನು ಕಂಡಾಗ ಗಗನಳಿಗೆ ನಗು ಬಂತು. ತುಟಿ ಕಚ್ಚಿ ತಡೆದುಕೊಂಡಳು.

"ಇದನ್ನ ಯಾರು ಹಾಕಿದ್ದು?"

"ನಾನೇ," ಎಂದ ಮನೆಯ ಮಗ ಚಲುವರಾಜು. ಎದೆ ಒಂದಂಗುಲ ಮುಂದೆ ಬಂದಿತ್ತು. "ನೀವು ಬರೋದ್ರೊಳಗೆ ಅರ್ಧ ಕೆಲ್ಸ ಮುಗ್ಸಿಡಣ ಅಂತ ನೆನ್ನೆನೇ ಗ್ವಾಡೆ ಕೊರ್ದೆ. ಗದ್ದೆ ಪಂಪ್‌ಸೆಟ್ಟಿಗೆ ತಂದಿದ್ರಲ್ಲಿ ಉಳ್ದಿತ್ತು. ಗಟ್ಟಿ ಪೈಪು."

"ನೀರಿಗೆ ಗಟ್ಟಿ." ಗಗನ ಆ ಪಿವಿಸಿ ಪೈಪನ್ನು ಬೆರಳಿನಿಂದ ತಟ್ಟಿದಳು. "ಒಲೆಯ ಬಿಸಿ ಹೊಗೆ ತಾಗಿದ್ರೆ ಎಣ್ಣೆಗೆ ಬಿದ್ದ ಹಪ್ಪಳದ ಥರ ಸುರುಳಿ ಸುತ್ಕೊಳುತ್ತೆ. ಆಮೇಲೆ ಹೊಗೆ ಎಲ್ಲಿಗೆ ಹೋಗುತ್ತೆ ಹೇಳಿ?"

ಚಲುವರಾಜುವಿನ ಎದೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಕಿವಿ ಕೆಂಪಾಯಿತು. ಆ ಕಿವಿಯನ್ನು ಗಗನ ನೋಡಬಾರದಿತ್ತು. ಆಮೇಲೆ ಕೆಲಸದ ನಡುವೆಯೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ವೈದ್ಯನಾಥಪುರದ ಗಗನ ಐಟಿಐ ಓದಿ, ಗೆಜ್ಜಲಗೆರೆಯ ಒಂದು ಶೆಡ್ಡಿನಲ್ಲಿ ನಾಲ್ಕು ವರ್ಷ ಹೊಗೆ ಪೈಪುಗಳಿಗೆ ವೆಲ್ಡಿಂಗ್ ಮಾಡಿದವಳು. ಮನೆಗಳಿಗೆ ಹೋಗಿ ಪೈಪು ಕೂರಿಸುವ ಕೆಲಸ ಮಾತ್ರ ಗಂಡಸರದ್ದು. ಬೇಡಿ ಬೇಡಿ, ಈ ಸಲ ಒಬ್ಬಳೇ ಹೋಗಲು ಒಪ್ಪಿಗೆ ಸಿಕ್ಕಿತ್ತು. ಕೆರಗೋಡಿನ ಈ ಮನೆ ಅವಳ ಮೊದಲ ಮನೆ.

ಅಡುಗೆಮನೆಯಲ್ಲಿ ಹೊಸ ಪೆಲೆಟ್ ಒಲೆ ಕೂತಿತ್ತು. ಕಬ್ಬಿನ ಸಿಪ್ಪೆಯನ್ನು ಒತ್ತಿ ಮಾಡಿದ, ಕಿರುಬೆರಳಿನ ತುದಿಯಷ್ಟು ಗುಳಿಗೆಗಳನ್ನು ತಾನಾಗಿಯೇ ಉರಿಗೆ ತಳ್ಳಿಕೊಂಡು, ಫ್ಯಾನಿನಿಂದ ಹೊಗೆಯನ್ನು ಹೊರಗೆ ನೂಕುವ ಒಲೆ. ಮೇಲೆ ದೊಡ್ಡ ಬಾಣಲೆ ಇಡಬಹುದು. ಚಲುವರಾಜು ಅದನ್ನು ತಂದದ್ದು ತಾಯಿ ಮಾಯಮ್ಮನಿಗಾಗಿ. ಮೂವತ್ತು ವರ್ಷ ಸೌದೆ ಒಲೆಯ ಮುಂದೆ ಕೂತು ಕೋಡುಬಳೆ ಕರಿದವಳು ಆಕೆ. ಇನ್ನು ಹೊಗೆ ಕುಡಿದರೆ ಉಸಿರೇ ಉಳಿಯುವುದಿಲ್ಲ ಎಂದು ಮಂಡ್ಯದ ಡಾಕ್ಟರು ಗದರಿದ್ದರು. ಗ್ಯಾಸಿನ ಒಲೆಯಲ್ಲಿ ಕರಿದದ್ದನ್ನು ತನ್ನ ಕೋಡುಬಳೆ ಎಂದು ಆಕೆ ಒಪ್ಪಲಿಲ್ಲ. ಮೂರು ತಿಂಗಳಿಂದ ಜಗಲಿಯ ಮೇಲೆ ಕೈಕಟ್ಟಿ ಕೂತಿದ್ದಳು.

"ಇವತ್ತು ಒಲೆ ಅಚ್ಚೋದು ತಾನೆ ಕೂಸೆ?" ಎಂದು ಮಾಯಮ್ಮ ಹಿತ್ತಿಲಿಗೆ ಇಣುಕಿದಳು. "ಕೋಡ್ಬಳೆಗೆ ಇಟ್ಟು ಕಲ್ಸಿಡ್ಲಾ?"

ಗಗನ ಟೇಪು ಹಿಡಿದು ಹಿತ್ತಿಲನ್ನೆಲ್ಲ ಅಳೆಯುತ್ತಿದ್ದಳು. ಪೈಪು ಬದಲಿಸಬಹುದು. ಆದರೆ ತೂತಿನ ಎದುರಿಗೆ, ನಾಲ್ಕೇ ಅಡಿ ಆಚೆ, ಹುಲ್ಲಿನ ಮೆದೆ ಮನೆಯಷ್ಟೇ ಎತ್ತರಕ್ಕೆ ನಿಂತಿತ್ತು. ಪೈಪನ್ನು ಗೋಡೆಗುಂಟ ಸೂರಿನ ಮೇಲಕ್ಕೆ ಒಯ್ದರೂ ಕಿಡಿ ಬಿದ್ದರೆ ಅದರ ಮೇಲೇ. ಬೇರೆ ಕಡೆ ತೂತು ಕೊರೆಯೋಣವೆಂದರೆ ಮುಂದಿನ ಗೋಡೆಯಲ್ಲಿ ದೇವರ ಗೂಡು. ಪಕ್ಕದ ಗೋಡೆಯಲ್ಲಿ ಮಾಯಮ್ಮ ಮಲಗುವ ಕೋಣೆಯ ಕಿಟಕಿ.

"ಮೆದೆ ಇಲ್ಲಿಂದ ಹೋಗ್ಬೇಕು," ಎಂದಳು.

"ಮೆದೆ ಅಂದ್ರೆ ಮಂಚವಾ, ಎತ್ತಿ ಆ ಕಡೆ ಇಡಕ್ಕೆ?" ಚಲುವರಾಜು ನಕ್ಕ. "ಎರಡೆಕರೆ ಹುಲ್ಲು ಕಣ್ರೀ. ಆಳುಗಳೆಲ್ಲ ನಾಟಿಗೆ ಓಗವ್ರೆ."

"ಹಾಗಾದ್ರೆ ನಾನು ಹಾಕಲ್ಲ."

ಅಷ್ಟರಲ್ಲಿ ಶೆಡ್ಡಿನ ಮಾಲೀಕ ಪುಟ್ಟಸ್ವಾಮಿಯ ಫೋನು ಬಂತು. ವಿಷಯ ಕೇಳಿ ಅವರು ರೇಗಿದರು. "ಇವತ್ತೇ ಪೈಪು ಸಿಕ್ಸಿ ಬಾರಮ್ಮ ಅತ್ಲಾಗೆ. ಇಲ್ದಿದ್ರೆ ನಾಳೆ ಬೇರೆಯವ್ನ ಕಳಿಸ್ತೀನಿ. ನೀನು ಶೆಡ್ಡಲ್ಲೇ ಇದ್ಬುಡು."

"ಇವತ್ತು ಸಿಕ್ಸಕ್ಕಾಗಲ್ಲ ಅಣ್ಣ," ಎಂದಳು ಗಗನ. ಮಾತು ಅಲುಗಲಿಲ್ಲ. ಫೋನು ಜೇಬಿಗಿಟ್ಟು, ಒಲೆಯ ಕರೆಂಟು ವೈರನ್ನು ಎರಡೂ ಕಡೆಯಿಂದ ಕಿತ್ತು, ಸುತ್ತಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

"ನಮ್ ವೈರ ಯಾಕವ್ವ ವಯ್ತಿದ್ದೀ?" ಮಾಯಮ್ಮ ಬಾಗಿಲಿಗೆ ಅಡ್ಡ ಬಂದಳು.

"ನಾನು ಹೋದ ಮೇಲೆ ನೀವು ಹಚ್ಚಿಬಿಡ್ತೀರ ಅಂತ, ಅಮ್ಮ."

ಮಾಯಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಸರ್ಯಾಗಿ ಇಡ್ದೆ ಕಣವ್ವ ನನ್ನ. ಲೇ ಚಲುವ, ಈ ಉಡುಗಿ ಘಾಟಿ ಕಣ್ಲಾ!"

ಚಲುವರಾಜು ಸ್ಕೂಟರಿನವರೆಗೆ ಬಂದು, ಅವಳು ಹೆಲ್ಮೆಟ್ಟಿನ ಬಕಲ್ ಹಾಕಿಕೊಳ್ಳುವುದನ್ನೇ ನೋಡುತ್ತ ನಿಂತ.

"ನಿಮ್ ಕೆಲ್ಸ ಓಗುತ್ತಾ ಇದ್ರಿಂದ?"

"ಹೋದ್ರೆ ಹೋಗ್ಲಿ. ನಿಮ್ಮಮ್ಮ ಇರ್ಬೇಕಲ್ಲ."

ಸಂಜೆ ಗಗನ ತನ್ನ ಮನೆಯಲ್ಲಿ ಹಿಟ್ಟು ನಾದುತ್ತಿದ್ದಾಗ ಫೋನು ಬಂತು. ಮೊಣಕೈಯಿಂದ ಸ್ಪೀಕರ್ ಒತ್ತಿದಳು.

"ವೈರು ಉಸಾರಾಗೈತಾ?" ಚಲುವರಾಜುವಿನ ದನಿ ಏದುಸಿರು ಬಿಡುತ್ತಿತ್ತು.

"ಇದೆ. ಊಟ ಕೇಳ್ತಿದೆ."

"ನಮ್ಮನೆ ವೈರು. ಹಸ್ಕೊಂಡಿರಕ್ ಬುಡಬೇಡಿ."

"ನೀವ್ಯಾಕೆ ಓಡ್ತಾ ಇರೋ ಥರ ಮಾತಾಡ್ತಿದ್ದೀರ?"

"ಏನಿಲ್ಲ ಬುಡಿ." ಫೋನು ಕಟ್ಟಾಯಿತು. ಗಗನ ಹಿಟ್ಟಿನ ಕೈಯಲ್ಲೇ ಸುಮ್ಮನೆ ನಗುತ್ತ ನಿಂತಳು. ಬೇರೆಯವನು ಹೋಗಿ ಪೈಪು ಸಿಕ್ಕಿಸಿಬಿಟ್ಟರೆ ಎಂಬ ಹೆದರಿಕೆಯೂ ಆ ನಗುವಿನ ಪಕ್ಕದಲ್ಲೇ ಇತ್ತು.

ಬೆಳಿಗ್ಗೆ ಪುಟ್ಟಸ್ವಾಮಿ ಕಾರಣ ಹೇಳದೆ ಮತ್ತೆ ಅವಳನ್ನೇ ಕಳಿಸಿದರು. ಹಿತ್ತಿಲಿಗೆ ಕಾಲಿಟ್ಟವಳು ಅಲ್ಲೇ ನಿಂತಳು. ಮೆದೆ ಇದ್ದ ಜಾಗ ಬೋಳಾಗಿತ್ತು, ಗುಡಿಸಿ ನೀರು ಚಿಮುಕಿಸಿತ್ತು. ಹಿತ್ತಿಲ ಆ ತುದಿಯಲ್ಲಿ, ಹೊಂಗೆ ಮರದ ಆಚೆ, ಹೊಸ ಮೆದೆ ಸ್ವಲ್ಪ ಸೊಟ್ಟಗೆ ನಿಂತಿತ್ತು. ಚಲುವರಾಜು ಬಾವಿಕಟ್ಟೆಯ ಮೇಲೆ ಕೂತಿದ್ದ. ಕೂದಲ ತುಂಬ ಹುಲ್ಲು, ಮೊಣಕೈವರೆಗೂ ಗೀರು.

"ಯಾರ್ಯಾರು ಬಂದಿದ್ರು?"

"ಈ ಎರಡು ಕೈ ಬಂದಿದ್ದೋ."

"ಒಬ್ರೇನಾ?"

"ಪುಟ್ಟಸ್ವಾಮಿಯೋರು ಫೋನ್ ಮಾಡಿದ್ರು. ಬೇರೆಯವ್ನ ಕಳಿಸ್ತೀನಿ, ಮೆದೆ ಗಿದೆ ತಂಟೆ ಬ್ಯಾಡ ಅಂದ್ರು." ಅವನು ಕಣ್ಣೆತ್ತಿ ನೋಡಿದ. "ಹಾಕಿದ್ರೆ ಆ ಉಡುಗಿನೇ ಹಾಕ್ಬೇಕು, ಇಲ್ದಿದ್ರೆ ನಿಮ್ ಪೈಪೇ ಬ್ಯಾಡ ಅಂದ್ಬುಟ್ಟೆ."

ಗಗನ ಕೈ ಚಾಚಿ ಅವನ ಕಿವಿಯ ಮೇಲಿದ್ದ ಒಂದು ಹುಲ್ಲುಕಡ್ಡಿ ತೆಗೆದಳು. "ಏಣಿ ತನ್ನಿ," ಎಂದಳು.

ಗೋಡೆಯ ತೂತನ್ನು ದೊಡ್ಡದು ಮಾಡಿ, ಬಿಸಿ ಗೋಡೆಗೆ ತಾಗದಂತೆ ಉಕ್ಕಿನ ಕವಚ ಕೂರಿಸಿದಳು. ಅದರೊಳಗೆ ಎರಡು ಪದರದ ಸ್ಟೀಲ್ ಪೈಪು. ಹೊರಗೆ ಪೈಪು ತಿರುಗುವಲ್ಲಿ ಬೂದಿ ತೆಗೆಯಲು ಮುಚ್ಚಳದ ಬಾಯಿ. ಅಲ್ಲಿಂದ ಗೋಡೆಗುಂಟ ನೆಟ್ಟಗೆ ಮೇಲಕ್ಕೆ, ಸೂರಿನಿಂದ ದೂರ ಹಿಡಿದು, ಹೆಂಚು ದಾಟಿ, ತುದಿಗೆ ಟೋಪಿ. ಪ್ರತಿ ಜೋಡಣೆಗೂ ಬಿಸಿ ತಡೆಯುವ ಕೆಂಪು ಅಂಟು ಬಳಿದು ಬೆರಳಿನಿಂದ ಸವರಿದಳು, ಮಗುವಿನ ಕೆನ್ನೆಗೆ ಪೌಡರ್ ಹಚ್ಚುವ ಹಾಗೆ.

"ಫ್ಯಾನೇ ನೂಕುತ್ತಲ್ಲ ಒಗೆಯ. ಇಷ್ಟುದ್ದ ಯಾಕೆ?" ಏಣಿ ಹಿಡಿದಿದ್ದ ಚಲುವರಾಜು ಕೇಳಿದ.

"ಕರೆಂಟು ಹೋದ್ರೆ ಫ್ಯಾನ್ ನಿಲ್ಲುತ್ತಲ್ಲ. ಆಗ ಈ ಎತ್ತರಾನೇ ಹೊಗೆ ಎಳ್ಕೊಬೇಕು. ಮೇಲೆ ನೋಡ್ಬೇಡಿ, ಏಣಿ ನೋಡಿ."

"ಏಣಿನೇ ನೋಡ್ತಿವ್ನಿ."

"ಏಣಿಗೆ ಜಡೆ ಇಲ್ಲ."

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ವಿಷದ ಗಾಳಿ ಸೇರಿದರೆ ಕೂಗುವ ಪುಟ್ಟ ಅಲಾರಮನ್ನು ಮಾಯಮ್ಮನ ಕೋಣೆಯ ಗೋಡೆಗೆ ತಗುಲಿಸಿ, ಗಗನ ಬ್ಯಾಗಿನಿಂದ ವೈರು ತೆಗೆದು ಸಿಕ್ಕಿಸಿದಳು. ಗುಳಿಗೆ ಉರಿಗೆ ಬಿದ್ದವು. ಮಾಯಮ್ಮ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಬಾಣಲೆಯ ಎಣ್ಣೆ ಕಾಯುತ್ತಿದ್ದಾಗ ಕರೆಂಟು ಹೋಯಿತು.

ಫ್ಯಾನು ನಿಂತಿತು. ಮೂವರೂ ಉಸಿರು ಹಿಡಿದರು. ಕೆರಗೋಡಿನಲ್ಲಿ ಕರೆಂಟು ಹೋಗುವುದು ಹೊಸದೇನಲ್ಲ. ಆದರೆ ಗಂಡಸರು ಹಾಕಿದ ಎಷ್ಟೋ ಪೈಪುಗಳ ಎದುರು ಗಗನಳ ಮೊದಲ ಪೈಪು ಈಗ ಒಂಟಿಯಾಗಿ ಪರೀಕ್ಷೆಗೆ ನಿಂತಿತ್ತು. ಒಲೆಯ ಸಂದುಗಳನ್ನು ನೋಡಿದಳು. ಸೋರುತ್ತಿದೆಯೇ ಎಂದು ಜೋಡಣೆಗಳ ಬಳಿ ಅಗರಬತ್ತಿ ಹಚ್ಚಿ ಹಿಡಿದಳು. ಅದರ ಹೊಗೆಯ ಎಳೆ ಅಲುಗದೆ ನೆಟ್ಟಗೆ ಏರಿತು. ಅಲಾರಂ ಕೂಗಲಿಲ್ಲ.

"ಬನ್ರೀ ಇಲ್ಲಿ! ಬನ್ನಿ!" ಚಲುವರಾಜು ಹಿತ್ತಿಲಿನಿಂದ ಕೂಗಿದ.

ಓಡಿಹೋಗಿ ನೋಡಿದರೆ, ಪೈಪಿನ ಟೋಪಿಯಡಿಯಿಂದ ತೆಳ್ಳನೆಯ ಹೊಗೆ ಹೆಂಚಿನ ಮೇಲೆ ಹಾದು ಗದ್ದೆಯ ಕಡೆ ಹೋಗುತ್ತಿತ್ತು. ಅವಳ ಕಣ್ಣು ತುಂಬಿತು. ಅವನು ಹೊಗೆಯನ್ನು ನೋಡುತ್ತಿರಲಿಲ್ಲ.

"ವರ್ಷಕ್ಕೊಂದ್ಸಲ ಪೂರ್ತಿ ಬಿಚ್ಚಿ ಕ್ಲೀನ್ ಮಾಡಿಸ್ಬೇಕು," ಎಂದಳು, ಮಾತು ಹುಡುಕಿ.

"ಅದಕ್ಕೂ ನೀವೇ ಬರ್ಬೇಕು."

"ಎಷ್ಟು ವರ್ಷ?"

"ನಾನಿರೋಗಂಟ." ಕಿವಿ ಮತ್ತೆ ಕೆಂಪಾಯಿತು. "ದಿನಾ ಇದ್ರೂ ಬ್ಯಾಡ ಅನ್ನಲ್ಲ, ಗಗನ. ಪೈಪ್ ಕೆಲ್ಸ ಬುಡಿ ಅಂತ ಯಾರೂ ಅನ್ನಂಗಿಲ್ಲ ಈ ಮನೇಲಿ. ಊರೂರಿಗೂ ಹಾಕ್ಬನ್ನಿ. ಏಣಿ ನಾನು ಇಡ್ಕತೀನಿ."

ಗಗನ ಹೊಂಗೆ ಮರದಾಚೆಯ ಸೊಟ್ಟ ಮೆದೆಯನ್ನು ನೋಡಿದಳು. "ಮೆದೆ ಒಟ್ಟೋದು ಮಾತ್ರ ಯಾರತ್ರನಾದ್ರೂ ಕಲ್ತ್ಕೊಳಿ," ಎಂದಳು. "ನಾನು ಬರೋ ಮನೇಲಿ ಸೊಟ್ಟ ಇರ್ಬಾರ್ದು."

ಅರ್ಥವಾಗಲು ಚಲುವರಾಜುವಿಗೆ ಎರಡು ಕ್ಷಣ ಬೇಕಾಯಿತು.

ಕರೆಂಟು ಬಂದು ಎಣ್ಣೆ ಮತ್ತೆ ಕಾದ ಹೊತ್ತಿಗೆ, ಬೇಲಿಯಾಚೆ ಪಕ್ಕದ ಮನೆಯ ಪಟ್ಟಲಮ್ಮ ಕತ್ತೆತ್ತಿ ನಿಂತಿದ್ದಳು. "ಮಾಯಕ್ಕ, ಅದೇನದು ಹೆಂಚಿನ್ ಮ್ಯಾಲೆ ಪಳಪಳ ಅಂತದೆ? ಯಾರ್ ಆಕಿದ್ದು?"

ಅಡುಗೆಮನೆಯ ಕಿಟಕಿಯಲ್ಲಿ ಮಾಯಮ್ಮನ ಮುಖ ಕಾಣಿಸಿತು. ಮೂಗಿನ ಮೇಲೆ ಸೆರಗಿರಲಿಲ್ಲ. ಮೂರು ತಿಂಗಳ ಮೇಲೆ ತನ್ನ ಒಲೆಯ ಮುಂದೆ ಕೂತವಳ ಕೈಯಲ್ಲಿ, ಆಗತಾನೆ ಎಣ್ಣೆಯಿಂದ ತೆಗೆದ ಮೊದಲ ಕೋಡುಬಳೆ ಇತ್ತು. ಅದನ್ನು ಕಿಟಕಿಯ ಸರಳಿನ ನಡುವೆ ಗಗನಳ ಕಡೆಗೆ ಚಾಚಿ, ಇಡೀ ಬೀದಿಗೆ ಕೇಳುವಂತೆ ಹೇಳಿದಳು:

"ಯಾರ್ ಆಕಿದ್ದು ಅಂದ್ರೆ? ನಮ್ ಮನೆ ಉಡುಗಿ ಕಣಮ್ಮಿ!"