ಅತ್ತೆಯನ್ನು ಹೊತ್ತು ತಂದ ಕೆಂಚವ್ವ

ಬಹಳ ವರ್ಷಗಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಹೊನ್ನಗುಡಿ ಎಂಬ ರಾಜ್ಯವಿತ್ತು. ಅಲ್ಲಿಗೆ ಭೃಂಗಾಕ್ಷನೆಂಬ ಮಾಂತ್ರಿಕ ಬಂದ. ನೋಡಲು ಇಪ್ಪತ್ತರ ತರುಣ, ವಯಸ್ಸು ಮುನ್ನೂರು.

"ನಡೆಯಲಾಗದವರನ್ನು, ಕಣ್ಣು ಕಾಣದವರನ್ನು ನನ್ನ ಕೋಟೆಗೆ ಕಳಿಸಿ. ನಿಮಗೇಕೆ ಕಷ್ಟ?" ಎಂದ. ಜನ ನಂಬಿ ಒಬ್ಬೊಬ್ಬರನ್ನೇ ಕಳಿಸಿದರು. ಅವನು ಅವರನ್ನು ಎತ್ತುಗಳನ್ನಾಗಿ ಮಾಡಿ ಗಾಣಕ್ಕೆ ಕಟ್ಟಿದ. ಗಾಣದಿಂದ ಅವರ ಆಯುಸ್ಸೇ ಎಣ್ಣೆಯಾಗಿ ಇಳಿಯುತ್ತಿತ್ತು. ದಿನಕ್ಕೊಂದು ಬಟ್ಟಲು ಕುಡಿದು ಅವನು ತರುಣನಾಗಿಯೇ ಉಳಿದ.

ಆ ರಾಜ್ಯದ ಒಂದು ಊರಲ್ಲಿ ಕಂಬಳಿ ನೇಯುವ ಮಾಳಿಂಗ, ಹೆಂಡತಿ ಕೆಂಚವ್ವ, ತಾಯಿ ನಾಗವ್ವ ಇದ್ದರು. ನಾಗವ್ವನ ಕಾಲು ಸೋತುಹೋಗಿದ್ದವು, ಬಾಯಿ ಮಾತ್ರ ಗಟ್ಟಿಯಾಗಿತ್ತು. ಅತ್ತೆ ಸೊಸೆ ಜಗಳವಾಡುತ್ತಿದ್ದರು, ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು.

ಒಮ್ಮೆ ಕೆಂಚವ್ವ ತವರಿನಿಂದ ಬಂದಾಗ ಅತ್ತೆಯ ಹಾಸಿಗೆ ಖಾಲಿ.

"ಅತ್ತೆ ಎಲ್ಲಿ?"

ಮಾಳಿಂಗ ತಲೆ ತಗ್ಗಿಸಿದ. "ಎಲ್ಲರೂ ಕಳಿಸಿದರು, ನಾನೂ ಕಳಿಸಿದೆ. ಅಲ್ಲಿ ಸುಖವಾಗಿರ್ತಾಳಂತೆ."

"ಯಾರು ಹೋಗಿ ನೋಡಿಬಂದಿದ್ದಾರೆ?"

ಕೆಂಚವ್ವ ಬಂದ ಕಾಲಲ್ಲೇ ಕೋಟೆಯ ದಾರಿ ಹಿಡಿದಳು.

ಕೋಟೆಯೊಳಗೆ, ಮರುದಿನ ಗಾಣಕ್ಕೆ ಕಟ್ಟಬೇಕಾದವರ ಸಾಲಿನಲ್ಲಿ ನಾಗವ್ವ ಕೂತಿದ್ದಳು. "ನನ್ನ ಅತ್ತೆಯನ್ನು ಕೊಡು" ಎಂದಳು ಕೆಂಚವ್ವ. ಮಾಂತ್ರಿಕ ನಕ್ಕ. "ಕರೆದೊಯ್ಯಿ. ಮೂರು ಬಾಗಿಲು ದಾಟುವವರೆಗೆ ಮುದುಕಿ ನೆಲ ಮುಟ್ಟಬಾರದು. ಮುಟ್ಟಿದರೆ ಇಬ್ಬರೂ ಗಾಣಕ್ಕೆ. ದಾಟಿದರೆ ನನ್ನ ಮಾಟವೇ ಮುರಿಯುತ್ತದೆ. ಇದುವರೆಗೆ ಯಾರೂ ದಾಟಿಲ್ಲ."

ಕೆಂಚವ್ವ ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡಳು.

ಮೊದಲ ಬಾಗಿಲಲ್ಲಿ ಬೆಂಕಿಯ ಹೊಳೆ. ಕೆಂಚವ್ವನಿಗೆ ಹೆದರಿಕೆಯಾಯಿತು. "ನಮ್ಮೂರ ದೇವಿ ದ್ಯಾಮವ್ವ ತಾಯಿಯ ಹೆಸರು ಹೇಳಿ ಕಾಲಿಡು ಮಗಳೇ" ಎಂದಳು ಅತ್ತೆ. ಇಬ್ಬರೂ ತಾಯಿಯ ಹೆಸರು ಹೇಳಿದರು. ಕಾಲಿಟ್ಟಲ್ಲೆಲ್ಲ ಕೆಂಡ ತಣ್ಣಗಾಯಿತು.

ಎರಡನೆಯ ಬಾಗಿಲಲ್ಲಿ ಎರಡು ತಲೆಯ ಹುಲಿ. "ತಿನ್ನುತ್ತೇನೆ" ಎಂದಿತು ಒಂದು ತಲೆ. "ನಾನು ತಿನ್ನುತ್ತೇನೆ" ಎಂದಿತು ಇನ್ನೊಂದು.

"ಹಿರಿಯರು ಮೊದಲು ಉಣ್ಣಬೇಕಪ್ಪ" ಎಂದಳು ನಾಗವ್ವ. "ನಿಮ್ಮಲ್ಲಿ ಹಿರಿಯ ಯಾರು?"

ತಲೆಗಳೆರಡೂ ಕಚ್ಚಾಡತೊಡಗಿದವು. ಕೆಂಚವ್ವ ಮೆಲ್ಲನೆ ದಾಟಿದಳು.

ಮೂರನೆಯದು ಕೋಟೆಯ ಹೊರಬಾಗಿಲು, ಅದಕ್ಕೆ ನೂರು ಮೆಟ್ಟಿಲು ಹತ್ತಬೇಕು. ಹೆಜ್ಜೆ ಹೆಜ್ಜೆಗೂ ನಾಗವ್ವ ಭಾರವಾದಳು.

"ಗಂಜಿಯೂ ಕುಡಿದಿಲ್ಲ, ನಾನು ಹೇಗೆ ಭಾರವಾದೆ ಕೆಂಚೀ?"

"ನಿಮ್ಮ ಮಾತಿನ ಭಾರ ಅತ್ತೆ" ಎಂದು ಕೆಂಚವ್ವ ಏದುಸಿರು ಬಿಟ್ಟಳು.

ಇತ್ತ ಊರಲ್ಲಿ ಮಾಳಿಂಗ ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದ. ದ್ಯಾಮವ್ವನ ಗುಡಿಗೆ ಹೋದ. "ದ್ಯಾಮವ್ವ ತಾಯಿ ಎಡೆ ಮುಟ್ಟುತ್ತಿಲ್ಲ" ಎಂದಳು ಪೂಜಾರಿ ಸಾತವ್ವ. "ಊರ ಮುದುಕರೂ ಅವಳ ಮಕ್ಕಳೇ. ಅವರು ಹೊರಗೆ ಹಸಿದಿರುವಾಗ ಹೇಗೆ ಉಣ್ಣುತ್ತಾಳೆ?" ಮಾಳಿಂಗ ಗುಡಿಯ ಡೊಳ್ಳು ಬಾರಿಸಿ ಊರನ್ನು ಕೂಡಿಸಿದ. ಪ್ರತಿ ಮನೆಯಲ್ಲೂ ಒಂದು ಹಾಸಿಗೆ ಖಾಲಿಯಿತ್ತು. ಊರಿಗೆ ಊರೇ ಎದ್ದು ಕೋಟೆಗೆ ಓಡಿತು.

ತೊಂಬತ್ತನೆಯ ಮೆಟ್ಟಿಲಲ್ಲಿ ಕೆಂಚವ್ವನ ಮೊಣಕಾಲು ಕುಸಿದವು. ನಾಗವ್ವ ಜಾರಿದಳು. ಮೇಲಿನ ಬಾಗಿಲಿನಿಂದ ಇಳಿದು ಬಂದಿದ್ದ ಮಾಳಿಂಗ ಎರಡೂ ಕೈಯಲ್ಲಿ ತಾಯಿಯನ್ನು ಹಿಡಿದ. ಅವನ ಹಿಂದೆ ಇನ್ನೊಬ್ಬರ ಕೈ, ಅದರ ಹಿಂದೆ ಮತ್ತೊಬ್ಬರದು. ಕೈಯಿಂದ ಕೈಗೆ ಹೋದಂತೆ ಮುದುಕಿ ಹತ್ತಿಯಂತೆ ಹಗುರಾದಳು.

"ಇದು ಮೋಸ" ಎಂದು ಹಿಂದೆಯೇ ಬಂದಿದ್ದ ಮಾಂತ್ರಿಕ ಕೂಗಿದ.

"ನೆಲ ಮುಟ್ಟಬಾರದು ಅಂದಿದ್ದೆ" ಎಂದಳು ನಾಗವ್ವ. "ಊರವರು ಕೈ ಕೊಡಬಾರದು ಅಂತ ಹೇಳಲಿಲ್ಲವಲ್ಲಪ್ಪ."

ಅವಳು ಬಾಗಿಲು ದಾಟಿದೊಡನೆ ಗಾಣ ಎರಡು ಹೋಳಾಯಿತು. ಎತ್ತುಗಳೆಲ್ಲ ಅಜ್ಜ ಅಜ್ಜಿಯರಾಗಿ ತಮ್ಮವರನ್ನು ಅಪ್ಪಿಕೊಂಡರು. ಮಾಂತ್ರಿಕನ ಮುನ್ನೂರು ವರ್ಷ ಒಂದೇ ಕ್ಷಣದಲ್ಲಿ ಅವನ ಮೇಲೆ ಬಿದ್ದವು. ಹಲ್ಲು ಉದುರಿ, ಕಾಲು ಸೋತು, ಮೆಟ್ಟಿಲ ಮೇಲೆ ಕೂತುಬಿಟ್ಟ.

ಜನ ಕಲ್ಲೆತ್ತಿಕೊಂಡರು.

"ಕಲ್ಲು ಕೆಳಗಿಡಿ" ಎಂದಳು ನಾಗವ್ವ. "ಈಗ ಇವನೂ ನಡೆಯಲಾಗದವನೇ. ಎತ್ತಿಕೊಳ್ಳಿ."

ಗೊಣಗುತ್ತಲೇ ಎತ್ತಿಕೊಂಡರು. ದ್ಯಾಮವ್ವನ ಗುಡಿಯ ಜಗಲಿಯಲ್ಲಿ ಅವನನ್ನು ಮಲಗಿಸಿದರು. ದಿನಕ್ಕೊಂದು ಮನೆಯಿಂದ ಅಂಬಲಿ ಬಂತು. ಮೊದಲ ತುತ್ತಿಗೆ ಮುದುಕ ಅತ್ತ. ಎರಡನೆಯದಕ್ಕೆ ಉಪ್ಪು ಕಡಿಮೆ ಎಂದ. ಊರೆಲ್ಲ ನಕ್ಕಿತು, ಯಾರೋ ಹೋಗಿ ಉಪ್ಪು ತಂದರು. ಆ ರಾಜ್ಯದಲ್ಲಿ ಆಮೇಲೆ ಎಲ್ಲರೂ ಉಂಡುಟ್ಟು ಸುಖವಾಗಿದ್ದರು.