ಪೂಜೆಗಿಟ್ಟ ಮತಪತ್ರ

"ನಮ್ಮಪ್ಪ ನನ್ನ ಓಟು ಕದ್ದಿದ್ದಾರೆ, ಆಂಟಿ. ನೀವೇ ಅದನ್ನ ಪ್ರೂವ್ ಮಾಡಬೇಕು."

ಸ್ವಸ್ತಿಕಾ ಬಾಗಿಲಲ್ಲೇ ನಿಂತು, ಕೋಟು ಕೂಡ ಬಿಚ್ಚದೆ ಹೀಗೆಂದಾಗ ಗುಣಪಾಲರ ಗಂಟಲಲ್ಲಿ ಚಕ್ಕುಲಿ ಸಿಕ್ಕಿಹಾಕಿಕೊಂಡಿತು. ಇಂಗ್ಲೆಂಡಿನ ಕೊವೆಂಟ್ರಿಯ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತರಾಗಿದ್ದ ಅವರು, ಭಾನುವಾರದ ಕಾಫಿಗೆಂದು ಪಕ್ಕದ ಮನೆಯ ಡಾಕ್ಟರ್ ನೀಲಾಂಬಿಕಾ ಅವರಲ್ಲಿಗೆ ಬಂದಿದ್ದರು. ಕಾಫಿಗೆ ಎಂಬುದು ಬರೀ ನೆಪ. ಊರವರ ತಂಟೆ ತಕರಾರುಗಳೆಲ್ಲ ಆ ಮನೆಯ ಸೋಫಾಕ್ಕೇ ಬಂದು ಕೂರುತ್ತಿದ್ದುದರಿಂದ, ತಾನಿಲ್ಲದಾಗ ಯಾವುದಾದರೂ ತಪ್ಪಿಹೋದೀತೆಂಬ ಚಡಪಡಿಕೆ ಆ ಮನುಷ್ಯನಿಗೆ.

ನೀಲಾಂಬಿಕಾ ಧಾರವಾಡದ ಹೆಣ್ಣುಮಗಳು. ಬರ್ಮಿಂಗ್‌ಹ್ಯಾಮ್ ಬಳಿಯ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಬಹಳ ವರ್ಷ ಜಿಪಿ, ಅಂದರೆ ಮನೆಮಂದಿಯ ವೈದ್ಯೆ, ಆಗಿದ್ದವರು. ರೋಗಿ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದನ್ನು ಹಿಡಿಯುವ ಅವರ ಚಾಳಿ ನಿವೃತ್ತಿಯಾದ ಮೇಲೂ ಹೋಗಿರಲಿಲ್ಲ. ಪೊಲೀಸರ ಹತ್ತಿರ ಹೇಳಿಕೊಳ್ಳಲಾಗದ್ದನ್ನೆಲ್ಲ ಇಲ್ಲಿನ ಕನ್ನಡದವರು ಅವರ ಹತ್ತಿರ ತಂದು ಸುರಿಯುತ್ತಿದ್ದರು.

"ಮೊದಲು ಕೋಟು ಬಿಚ್ಚು. ಕೂತ್ಕೊಂಡು ಮೊದಲಿಂದ ಹೇಳು," ಎಂದರು ಅವರು. "ಯಾವ ಓಟು?"

"ಅಮೆರಿಕದ್ದು. ಪ್ರೆಸಿಡೆಂಟ್ ಎಲೆಕ್ಷನ್."

ಸ್ವಸ್ತಿಕಾಳ ತಂದೆ ಡಾಕ್ಟರ್ ದಿನೇಶ, ತಾಯಿ ಶುಭಾ. ಇಬ್ಬರೂ ಬರ್ಮಿಂಗ್‌ಹ್ಯಾಮಿಗೆ ಬರುವ ಮೊದಲು ಅಮೆರಿಕದಲ್ಲಿದ್ದು ಅಲ್ಲಿಯ ಪೌರರಾಗಿದ್ದರು. ಸ್ವಸ್ತಿಕಾ ಹುಟ್ಟಿದ್ದೇ ಅಲ್ಲಿ. ಪರದೇಶದಲ್ಲಿರುವ ಪೌರರಿಗೆ ಮತಪತ್ರ ಇಮೇಲಿನಲ್ಲಿ ಬರುತ್ತದೆ. ಅದನ್ನು ಮುದ್ರಿಸಿ, ಗುರುತು ಹಾಕಿ, ಕವರಿನ ಬೆನ್ನಿಗೆ ಸಹಿ ಮಾಡಿ ಅಂಚೆಗೆ ಹಾಕಬೇಕು. ಹೋದ ಸಲ ಸ್ವಸ್ತಿಕಾಳಿಗೆ ಹದಿನೆಂಟು ತುಂಬಿರಲಿಲ್ಲ. ಇದು ಅವಳ ಮೊದಲ ಓಟು.

"ಎರಡು ವಾರದ ಹಿಂದೆ, ನವರಾತ್ರಿಯ ಬುಧವಾರ, ಮನೇಲಿ ಸರಸ್ವತಿ ಪೂಜೆ ಇತ್ತು," ಎಂದಳು. "ನಾವು ಮೂರೂ ಜನ ನಮ್ಮ ನಮ್ಮ ಪುಸ್ತಕ ಇಟ್ವಿ. ಓಟಿನ ಕವರನ್ನೂ ಅವರವರ ಪುಸ್ತಕದ ಕೆಳಗೇ ಇಡಿ, ಒಳ್ಳೇದಾಗುತ್ತೆ, ವಿಜಯದಶಮಿ ದಿನ ತೆಗೆದು ನಾನೇ ಪೋಸ್ಟ್ ಮಾಡ್ತೀನಿ ಅಂದ್ರು ಅಪ್ಪ. ಅಷ್ಟರಲ್ಲಿ ನಾನು ಯಾರಿಗೆ ಹಾಕಿದೀನಿ ಅಂತ ಅವರಿಗೆ ಗೊತ್ತಾಯ್ತು. ದೊಡ್ಡ ಜಗಳ. ಗುರುವಾರ ಬೆಳಿಗ್ಗೆ ಟ್ರೇನ್ ಹಿಡಿದು ಸೆಲ್ಲಿ ಓಕ್‌ನ ನನ್ನ ಹಾಸ್ಟೆಲ್‌ಗೆ ವಾಪಸ್ ಹೋದೆ. ಈಗ ಆನ್‌ಲೈನ್‌ನಲ್ಲಿ ನೋಡಿದ್ರೆ ಅಪ್ಪಂದು ತಲುಪಿದೆ, ಅಮ್ಮಂದು ತಲುಪಿದೆ. ನಂದು ಮಾತ್ರ ಇಲ್ಲ."

"ಅಷ್ಟು ಅವಸರವಾಗಿ ಹೋದದ್ದು ಯಾಕೆ? ಜಗಳಕ್ಕಾ?"

"ಶುಕ್ರವಾರ ಸೆಮಿನಾರ್ ಇತ್ತು. ಅಮೆರಿಕದಲ್ಲಿ ಬಡವರು, ಕರಿಯರು ಇರೋ ಕಡೆ ಮತಗಟ್ಟೆ ಮುಚ್ಚೋದು, ಗಂಟೆಗಟ್ಟಲೆ ಕ್ಯೂ ನಿಲ್ಲಿಸೋದು, ಪಟ್ಟಿಯಿಂದ ಹೆಸರು ಕಿತ್ತುಹಾಕೋದು, ಅದರ ಮೇಲೆ. ನನ್ನ ದಪ್ಪ ಪುಸ್ತಕದಲ್ಲಿ ಪೆನ್ಸಿಲಲ್ಲಿ ಬರ್ಕೊಂಡಿದ್ದನ್ನೆಲ್ಲ ನೋಡಿ ನೋಡಿ ಒಂದು ಗಂಟೆ ಮಾತಾಡಿದೆ. ನಮ್ಮ ಮನೇಲೇ ಅದು ನಡೀತಿತ್ತು ನೋಡಿ, ಆಂಟಿ!"

"ಇನ್ನೊಂದು ಪ್ರಿಂಟ್ ತೆಗೆದು ಕಳಿಸಿದ್ರಾಯ್ತಲ್ಲ ಮಾರಾಯ್ತಿ," ಎಂದರು ಗುಣಪಾಲ.

"ಫೋನ್ ಮಾಡಿ ಕೇಳಿದೆ, ಅಂಕಲ್. ಕಳಿಸಬಹುದು, ಆದರೆ ಮೊದಲನೇದು ಏನಾಯ್ತು ಅಂತ ಬರೆದು ಸೈನ್ ಮಾಡಿ ಅಂದ್ರು. ಗೊತ್ತಿಲ್ಲ ಅಂತ ಬರೆದು, ಆಮೇಲೆ ಅದೂ ಹೋಗಿ ತಲುಪಿದರೆ? ಎರಡು ಸಲ ಓಟು ಹಾಕಿದಳು ಅಂತಾರೆ. ನಮ್ಮಂಥ ಹೆಸರಿನವರನ್ನ ಮೊದಲೇ ಒಂದು ಥರ ನೋಡ್ತಾರೆ." ಫೋನಿನಲ್ಲಿ ತಾರೀಖು ತೋರಿಸಿದಳು. "ನಾಳೆ ಕೊರಿಯರ್ ಹೋಗಲಿಲ್ಲ ಅಂದ್ರೆ ಮುಗೀತು. ಅಪ್ಪಾನೇ ತೆಗೆದಿದ್ದು ಅಂತಾದ್ರೆ ಆ ಮನೆಗೆ ನಾನು ಮತ್ತೆ ಕಾಲಿಡಲ್ಲ."

ಹೆತ್ತ ಮಗಳೇ ಅಪ್ಪನನ್ನು ಕಳ್ಳ ಎನ್ನುವಂತಾಯಿತಲ್ಲ, ಎಂಥ ಕಾಲ ಬಂತು ಎಂದು ಗುಣಪಾಲರಿಗೆ ಸಂಕಟವಾಯಿತು.

ಮಧ್ಯಾಹ್ನವೇ ಮೂವರೂ ದಿನೇಶರ ಮನೆಗೆ ಹೊರಟರು. ದಾರಿಯಲ್ಲಿ ಗುಣಪಾಲ, "ಇದರಲ್ಲಿ ಪತ್ತೆ ಮಾಡೋದು ಎಂಥ ಉಂಟು ಡಾಕ್ಟ್ರೇ? ಅಪ್ಪನೇ," ಎಂದು ಪಿಸುಗುಟ್ಟಿದರು. ನೀಲಾಂಬಿಕಾ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ತನ್ನ ತೀರ್ಮಾನಗಳಿಗೆ ಅವರಿಂದ ಉತ್ತರ ಬಾರದಿರುವುದು ಗುಣಪಾಲರಿಗೆ ಅಭ್ಯಾಸವಾಗಿಬಿಟ್ಟಿತ್ತು.

ದಿನೇಶ ಬಾಗಿಲು ತೆಗೆದರು. ಮಗಳ ಮುಖ ನೋಡಿ ಒಳಗೆ ಸರಿದರು. ಶುಭಾ ಅಡುಗೆಮನೆಯಿಂದ ಬಂದು ನೀರು ಕೊಟ್ಟರು. ಮನೆಯೊಳಗೆ ಟಿವಿಯಿಲ್ಲ, ಹಾಡಿಲ್ಲ, ಯಾರಿಗೂ ಒಬ್ಬರನ್ನೊಬ್ಬರು ನೋಡುವ ಧೈರ್ಯವಿಲ್ಲ. ಆ ಬಿಗುವನ್ನು ಗುಣಪಾಲರಿಂದ ತಡೆಯಲಾಗಲಿಲ್ಲ.

"ಏನಮ್ಮ ಶುಭಾ," ಎಂದು ನಗಿಸಲು ನೋಡಿದರು, "ನವರಾತ್ರಿಯಲ್ಲಿ ಲೈಬ್ರರಿಯಲ್ಲಿ ಸಿಕ್ಕಾಗ ಮೈಸೂರು ಪಾಕಿನ ರೆಸಿಪಿ ಪ್ರಿಂಟ್ ಮಾಡಿಸ್ತಾ ಇದೀನಿ ಅಂದ್ರಲ್ಲ, ನಮಗೆ ಒಂದು ತುಂಡೂ ಬರಲೇ ಇಲ್ಲ?"

"ಅದು... ಸರಿಯಾಗಿ ಬರಲಿಲ್ಲ, ಗುಣಪಾಲಣ್ಣ," ಎಂದು ಶುಭಾ ಖಾಲಿ ಲೋಟಗಳನ್ನು ಎತ್ತಿಕೊಂಡು ಹೋದರು. ಗುಣಪಾಲ ಇನ್ನೂ ನೀರು ಕುಡಿದೇ ಇರಲಿಲ್ಲ. ಅವರ ಲೋಟವೂ ಹೋಯಿತು.

ನೀಲಾಂಬಿಕಾ ದಿನೇಶರ ಓದುವ ಕೋಣೆಗೆ ಹೋಗಿ ಕುಳಿತರು. ಮೇಜಿನ ಮೇಲೆ ದೊಡ್ಡ ಪ್ರಿಂಟರ್ ಇತ್ತು. ಮತಪತ್ರಗಳನ್ನು ಮುದ್ರಿಸಿದ್ದು ಅದರಲ್ಲೇ ಎಂದರು ದಿನೇಶ.

"ಅಮೆರಿಕದಲ್ಲಿ ಎಷ್ಟೋ ಕೋಟಿ ಜನ ಓಟೇ ಹಾಕಲ್ಲ, ಡಾಕ್ಟ್ರೇ. ಮನೇಲೇ ಕೂತಿರ್ತಾರೆ. ಆದರೆ ನಮ್ಮ ಮನೇಲಿ ನೂರಕ್ಕೆ ನೂರು! ಒಂದು ಸಲಾನೂ ತಪ್ಪಿಸಿಲ್ಲ. ಊರಲ್ಲಿ ಎಲೆಕ್ಷನ್ ಬಂದರೆ ಕ್ಯಾಂಡಿಡೇಟು ಬಂದು ನಮ್ಮ ತಂದೇನ ಕೇಳೋರು, 'ಯಜಮಾನ್ರೇ, ನಿಮ್ಮ ಮನೇದು ಎಷ್ಟು ಓಟು' ಅಂತ. ಎಂಟು ಅಂದ್ರೆ ಎಂಟೂ ಬೀಳೋವು. ಆ ಶಿಸ್ತಲ್ಲಿ ಬೆಳೆದೋನು ನಾನು. ಓಟನ್ನ ಕದೀತೀನಾ?"

"ಶುಭಾ ಅವರದ್ದು?"

"ಅವಳಿಗೆ ಇದೆಲ್ಲ ತಲೆನೋವು. ಪ್ರತಿ ಸಲಾನೂ ನಾನೇ ತುಂಬ್ತೀನಿ, ಅವಳು ಸೈನ್ ಮಾಡ್ತಾಳೆ."

"ಶನಿವಾರ, ವಿಜಯದಶಮಿ ದಿನ, ಎಷ್ಟು ಕವರು ಪೋಸ್ಟ್ ಮಾಡಿದ್ರಿ?"

"ಎರಡೇ. ಸ್ವಸ್ತಿಕಾಳ ಪುಸ್ತಕಾನೇ ಅಲ್ಲಿ ಇರಲಿಲ್ಲ. ಕವರೂ ತಗೊಂಡು ಹೋಗಿದಾಳೆ, ನನ್ನ ಕೈಗೆ ಕೊಡೋಕೆ ಅವಳಿಗೆ ಮನಸ್ಸಿಲ್ಲ ಅಂದ್ಕೊಂಡೆ." ದಿನೇಶರ ಕಣ್ಣು ತುಂಬಿತು. "ಹೊಟ್ಟೆ ಉರೀತು. ಅದಕ್ಕೇ ಕೇಳಲಿಲ್ಲ."

ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಮಂಗಳೂರು ಕಡೆಯ ಹುಡುಗ ಜಿತೇಶನ ಸರದಿ ಆಮೇಲೆ. ಬುಧವಾರ ಊಟದ ಹೊತ್ತಿಗೆ ಅವನು, "ನಿನ್ನ ಒಂದು ಓಟಿಂದ ಎಂಥ ಆಗ್ತದೆ? ಕೊಡು, ನಾನೇ ಕಸಕ್ಕೆ ಹಾಕ್ತೇನೆ," ಎಂದು ಅಣಕಿಸಿದ್ದನಂತೆ.

"ತಮಾಷೆಗೆ ಹೇಳಿದ್ದು ಮಾರಾಯ್ರೆ!" ಎಂದು ಅವನು ಕೈ ಮುಗಿದ. "ನನ್ನ ದೊಡ್ಡಪ್ಪ ಊರಲ್ಲಿ ತೀರಿಹೋಗಿದ್ರು, ನಮಗೆ ಸೂತಕ. ದೇವರ ಕೋಣೆ ಹೊಸಲೂ ದಾಟಲಿಲ್ಲ ನಾನು. ಶುಭಾ ಆಂಟಿ ನನಗೆ ಆರತಿ ಕೂಡ ಕೊಡಲಿಲ್ಲ, ಬೇಕಾದ್ರೆ ಕೇಳಿ."

ಶುಭಾ ತಲೆಯಾಡಿಸಿದರು. "ಹೌದು. ಪೂಜೆಗಿಟ್ಟ ಮೇಲೆ ಶನಿವಾರದವರೆಗೆ ಯಾರೂ ಮುಟ್ಟಿಲ್ಲ."

"ಯಾರೂ ಮುಟ್ಟಿಲ್ಲ," ಎಂದರು ದಿನೇಶ. ಜಿತೇಶನೂ ಅದನ್ನೇ ಅಂದ.

ನೀಲಾಂಬಿಕಾ ದೇವರ ಕೋಣೆಗೆ ಹೋಗಿ, ನೆಲಕ್ಕೆ ಕೂತು, ಪುಸ್ತಕಗಳನ್ನಿಟ್ಟಿದ್ದ ಜಾಗವನ್ನು ನೋಡಿದರು. ಹೊರಬಂದಾಗ ಅವರ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ. ಗುಣಪಾಲ ಎಷ್ಟೋ ಪ್ರಕರಣಗಳಲ್ಲಿ ಅವರ ಜೊತೆಗಿದ್ದವರು. ಉತ್ತರ ಸಿಕ್ಕಿಯೂ ಅವರು ಹೀಗೆ ಸೊರಗಿದ್ದನ್ನು ನೋಡಿರಲಿಲ್ಲ.

"ಎಲ್ಲರೂ ಬಂದು ಕೂತ್ಕೊಳ್ಳಿ," ಎಂದರು. "ಶುಭಾ, ನೀವೂ. ಕಾಫಿ ಆಮೇಲೆ ಮಾಡೋಣ."

ಹಾಲ್‌ನಲ್ಲಿ ಎಲ್ಲರೂ ಕೂತರು. ಸ್ವಸ್ತಿಕಾ ಅಪ್ಪನಿಂದ ಆದಷ್ಟು ದೂರದ ಕುರ್ಚಿ ಹಿಡಿದಳು.

"ಸ್ವಸ್ತಿಕಾ, ಮೊದಲು ನಿನ್ನ ವಿಷಯ. ಪೂಜೆಗಿಟ್ಟ ಪುಸ್ತಕ ವಿಜಯದಶಮಿ ತನಕ ತೆಗೀಬಾರದು. ನೀನು ಶುಕ್ರವಾರ ಅದೇ ಪುಸ್ತಕ ಹಿಡ್ಕೊಂಡು ಸೆಮಿನಾರ್ ಮಾಡಿದೆ. ಹೌದೋ ಇಲ್ಲವೋ?"

ಸ್ವಸ್ತಿಕಾ ನಾಲಿಗೆ ಕಚ್ಚಿಕೊಂಡಳು. "ಗುರುವಾರ ಬೆಳಿಗ್ಗೆ ಮೆತ್ತಗೆ ಎಳೆದುಕೊಂಡೆ. ಅಮ್ಮ ಬೈತಾಳೆ ಅಂತ ಹೇಳಲಿಲ್ಲ. ಆದರೆ ಕವರ್ ಅಲ್ಲೇ ಬಿಟ್ಟೆ, ಪ್ರಾಮಿಸ್!"

"ಬಿಟ್ಟೆ, ಸರಿ. ನಿನ್ನ ಪುಸ್ತಕ ಹೋದ ಮೇಲೆ ಕವರು ಬಯಲಿಗೆ ಬಿತ್ತು. ಹಾಗೇ ಬಿಟ್ಟರೆ ಪುಸ್ತಕ ತೆಗೆದದ್ದು ಗೊತ್ತಾಗುತ್ತೆ. ಅದನ್ನ ಎಲ್ಲಿ ತುರುಕಿದೆ?"

"ಪಕ್ಕದ ಪುಸ್ತಕದ ಕೆಳಗೆ."

"ಯಾರ ಪುಸ್ತಕ?"

"ಅಮ್ಮಂದು. ದೇವರನಾಮದ ಪುಸ್ತಕ."

ಶುಭಾ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಜಿತೇಶ ಹೊಸಲು ದಾಟಿಲ್ಲ. ದಿನೇಶ ಅವರು ಕದ್ದಿದ್ದರೆ, 'ಮೂರೂ ಹಾಕಿದೆ, ಅಂಚೆಯವರು ಕಳೆದರು' ಅಂದುಬಿಟ್ಟರೆ ಮುಗೀತಿತ್ತು. ಎರಡೇ ಹಾಕಿದೆ ಅಂತ ತಾವಾಗೇ ಹೇಳಿ ಸಂಶಯ ಮೈಮೇಲೆ ಎಳ್ಕೊಂಡರು. ಸುಳ್ಳು ಹೇಳೋನು ಅಷ್ಟು ದಡ್ಡ ಇರಲ್ಲ. ಉಳಿದದ್ದು ಒಂದೇ ಮಾತು, ನೀವೆಲ್ಲ ಹೇಳಿದ್ದು. ಯಾರೂ ಮುಟ್ಟಲಿಲ್ಲ." ನೀಲಾಂಬಿಕಾರ ದನಿಯಲ್ಲಿ ಸಿಟ್ಟು ಬಂದಾಗ ಧಾರವಾಡ ಇಣುಕುತ್ತಿತ್ತು. "ಹಂಗಾದರ ದಿನಾ ಹೂವು ತಾವಾಗೇ ಬದಲಾದವೇನ್ರಿ? ದೀಪಕ್ಕ ಎಣ್ಣಿ ತಾನಾಗೇ ಬಿತ್ತೇನ್ರಿ? ನಾಕು ದಿನ ಆ ಪುಸ್ತಕಗಳ ಮುಂದ ಕೂತು ಪೂಜಿ ಮಾಡಿದಾಕಿ ಒಬ್ಬಾಕಿ ಅದಾಳ. ಆಕಿನ್ನ ನೀವ್ಯಾರೂ ಲೆಕ್ಕಕ್ಕೇ ಹಿಡೀಲಿಲ್ಲ. ಆಕಿನೂ ತನ್ನ ಹಿಡೀಲಿಲ್ಲ."

"ಅಮ್ಮಾ?" ಎಂದಳು ಸ್ವಸ್ತಿಕಾ. "ನೀನ್ಯಾಕೆ ನನ್ನ ಓಟು..."

"ನಿನ್ನದಲ್ಲ," ಎಂದರು ನೀಲಾಂಬಿಕಾ, ದನಿ ತಗ್ಗಿಸಿ. "ಕದ್ದವರಿಗೆ ನಿನ್ನ ಕವರೇ ಬೇಕಿತ್ತು ಅಂತ ನಾವೆಲ್ಲ ತಿಳ್ಕೊಂಡ್ವಿ. ತಪ್ಪಿದ್ದು ಅಲ್ಲೇ. ಗುಣಪಾಲ, ನೀವು ಇವರನ್ನ ಲೈಬ್ರರಿಯಲ್ಲಿ ನೋಡಿದ್ದು ಯಾವತ್ತು?"

"ಪೂಜೆಯ ಮಾರನೇ ದಿನ. ಗುರುವಾರ."

"ಮನೇಲಿ ಅಷ್ಟು ದೊಡ್ಡ ಪ್ರಿಂಟರ್ ಇಟ್ಕೊಂಡು ಯಾರಾದರೂ ಮೈಸೂರು ಪಾಕಿಗೋಸ್ಕರ ಲೈಬ್ರರಿಗೆ ಹೋಗ್ತಾರಾ? ಆ ಪ್ರಿಂಟರ್ ಇರೋದು ಗಂಡನ ಕೋಣೇಲಿ. ಗಂಡ ನೋಡಬಾರದ್ದು ಏನೋ ಪ್ರಿಂಟ್ ಆಗಬೇಕಿತ್ತು. ಶುಭಾ, ಅದು ನಿಮ್ಮದೇ ಮತಪತ್ರ. ಇಮೇಲಿಂದ ಹೊಸದಾಗಿ ತೆಗೆದದ್ದು. ದಿನೇಶ ಅವರು ತುಂಬಿದ್ದನ್ನ ತೆಗೆದು, ನೀವೇ ತುಂಬಿದ್ದನ್ನ ಹಾಕಬೇಕು ಅಂತ. ಅಲ್ವಾ?"

ಕೈಗೆ ಸಿಕ್ಕಿದ್ದ ಸುಳಿವನ್ನು ತಾನೇ ತಮಾಷೆ ಮಾಡಿ ಎಸೆದಿದ್ದೆನಲ್ಲ ಎಂದು ಗುಣಪಾಲರಿಗೆ ನಾಚಿಕೆಯಾಯಿತು.

ಶುಭಾ ಎದ್ದು ಅಡುಗೆಮನೆಗೆ ಹೋದರು. ಅಕ್ಕಿಯ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಹರಿದ ಕವರೊಂದನ್ನು ತಂದು ಮಗಳ ಮಡಿಲಲ್ಲಿಟ್ಟರು. ಅದರ ಮೂಲೆಗಳಲ್ಲಿ ಅರಿಶಿನದ ಬೆರಳಚ್ಚುಗಳಿದ್ದವು.

"ಶುಕ್ರವಾರ ಬೆಳಿಗ್ಗೆ ಇವರು ಸ್ನಾನಕ್ಕೆ ಹೋಗಿದ್ದರು," ಎಂದರು. "ನನ್ನ ಪುಸ್ತಕದ ಕೆಳಗಿಂದ ಎಳೆದೆ. ನನ್ನ ಪುಸ್ತಕದ ಕೆಳಗೆ ಇರೋದು ನಂದೇ ತಾನೇ? ತಿರುಗಿಸಿ ನೋಡಲೂ ಇಲ್ಲ, ಹರಿದೆ. ಒಳಗೆ ನಿನ್ನ ಹೆಸರು. ಕೈಕಾಲೇ ಆಡಲಿಲ್ಲ ಕಣೇ. ನಿನ್ನ ಮೊದಲ ಓಟು, ನಿನ್ನಮ್ಮನ ಕೈಯಲ್ಲೇ ಹಾಳಾಯ್ತು. ಕೆಳಗೆ ನಂದೂ ಇತ್ತು, ಅದನ್ನ ಮುಟ್ಟೋ ಧೈರ್ಯ ಬರಲಿಲ್ಲ. ದೇವಿಗೇ ಇದು ಬೇಡ ಅಂತ ಅನ್ನಿಸಿಬಿಡ್ತು."

"ನನ್ನನ್ನ ಕಳ್ಳ ಅಂದಾಗಲಾದರೂ ಹೇಳಬಾರದಿತ್ತಾ, ಶುಭಾ?" ಎಂದರು ದಿನೇಶ.

"ಯಾಕೆ ಹರಿದೆ ಅಂತ ಕೇಳ್ತಿದ್ರಿ. ಆಗ ಏನು ಹೇಳಲಿ?"

ಸ್ವಸ್ತಿಕಾ ಕುರ್ಚಿ ಬಿಟ್ಟು ಬಂದು ಅಮ್ಮನನ್ನು ತಬ್ಬಿಕೊಂಡಳು. ಆಮೇಲೆ ಅಪ್ಪನ ಕಡೆ ತಿರುಗಿ, "ಸಾರಿ ಅಪ್ಪ," ಎಂದಳು. ಅವರು ಕೈಯಾಡಿಸಿ ಇರಲಿ ಎಂದರು, ಮುಖ ಎತ್ತಲಿಲ್ಲ.

"ಮೊದಲನೇದು ಹರಿದು ಹೋಗಿದೆ, ಅಂಚೆಗೆ ಬಿದ್ದೇ ಇಲ್ಲ ಅಂತ ಈಗ ಧೈರ್ಯವಾಗಿ ಬರಿ," ಎಂದರು ನೀಲಾಂಬಿಕಾ. "ನಾಳೆ ಬೆಳಿಗ್ಗೆ ಕೊರಿಯರ್‌ಗೆ ಗುಣಪಾಲ ಕರ್ಕೊಂಡು ಹೋಗ್ತಾರೆ."

"ಅಮ್ಮಂದು?"

ಶುಭಾ ತಾವೇ ಉತ್ತರ ಕೊಟ್ಟರು. "ನಂದು ಆಗಲೇ ತಲುಪಿದೆಯಲ್ಲ. ಇವರು ತುಂಬಿದ್ದು, ನಾನು ಸೈನ್ ಮಾಡಿದ್ದು. ಅದೇ ಎಣಿಕೆಯಾಗುತ್ತೆ."

ದಿನೇಶ ಹೆಂಡತಿಯ ಕಡೆ ತಿರುಗಿದರು. ಅವರ ದನಿಯಲ್ಲಿ ಜೋರಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು.

"ಅಲ್ಲ ಶುಭಾ... ನೀನು ಯಾರಿಗೆ ಹಾಕಬೇಕು ಅಂತಿದ್ದೆ?"

ಎಲ್ಲರೂ ದಿನೇಶರನ್ನೇ ನೋಡಿದರು. ಶುಭಾ ಗಂಡನ ಮುಖವನ್ನು ನೇರವಾಗಿ ನೋಡಿದರು. ಆ ಮನೆಗೆ ಎಷ್ಟೋ ಸಲ ಬಂದುಹೋದ ಗುಣಪಾಲರು ಶುಭಾ ಹಾಗೆ ನೋಡಿದ್ದನ್ನು ಅದೇ ಮೊದಲ ಸಲ ಕಂಡರು.

"ಅದನ್ನ ನಿಮಗೆ ಹೇಳೋದಿಲ್ಲ," ಎಂದರು ಶುಭಾ.